ಜ್ವರಕ್ಕೆ ಕೂತವು

ಇಮ್ತಿಯಾಜ್ ಓಮ್ನಿಯ ಹಿಂದಿನ ಸೀಟು ಕಿತ್ತು
ತುಕ್ಕು ಕೆರೆದ. ತಗಡಿನ ತೂತಿನಲ್ಲಿ
ಮಳವಳ್ಳಿಯ ಮಣ್ಣು ಕಂಡಿತು, ಒಂದು ಮೋಟು ಬೀಡಿ.

ಟಾರು ಹಾಳೆ ಕಾಯಿಸಿ ಮೆತ್ತಿದ, ಮೇಲೆ ರಬ್ಬರು,
ಅದರ ಮೇಲೆ ನಮ್ಮ ಹಜಾರದ ಹರಿದ ಕಂಬಳಿ.
‘ಸೈಲೆನ್ಸರ್ ಕಾವು ಇನ್ನು ಹತ್ತಲ್ಲ,
ನಿನ್ನ ಹುಳ ಬೇಯಲ್ಲ, ಹೋಗಣ್ಣ.’

ಸಂಜೆ ನಲವತ್ತು ತಟ್ಟೆ ಚಾಕಿ ಏರಿಸಿದೆವು.
ಎರಡನೇ ಜ್ವರಕ್ಕೆ ಕೂತ ಹುಳ,
ತಲೆಯೆತ್ತಿಕೊಂಡೇ ನಿದ್ದೆ.
ತಗಡು ಗುಡುಗಲಿಲ್ಲ. ಗುಂಡಿ ಬಂದರೂ
ದಪ್ಪನೆ ಒಂದು ‘ಹೂಂ’, ಅಷ್ಟೇ.

ಕಿರುಗಾವಲು ತಿರುವಿನಲ್ಲಿ ಚಿಕ್ಕತಾಯಿಯನ್ನು ಕೇಳಿದೆ:
‘ರಸೀತಿ ಎತ್ಕೊಂಡ್ಯಾ?’
ಅವಳು ಬೆಚ್ಚಿ, ಹಿಂದೆ ತಿರುಗಿ ತಟ್ಟೆ ನೋಡಿ,
ಮೆಲ್ಲಗೆ ಅಂದಳು: ‘ಯಾಕ್ ಬೈತೀಯ?’

ಬೈದಿರಲಿಲ್ಲ.
ಹನ್ನೊಂದು ವರ್ಷ ಈ ಗಾಡಿಯಲ್ಲಿ
ಹೀಗೇ ಕೇಳುತ್ತಿದ್ದೆ.