ದಾಲ್ ಮಿಲ್ಲಿನ ಕ್ಯಾಲೆಂಡರ್

ಸಾವ್ಕಾರ್ರು ಕೊಟ್ಟ ಕ್ಯಾಲೆಂಡರಿನ್ಯಾಗ
ಅಮಾಸಿಗೊಂದು ಕರೀ ಚುಕ್ಕಿ, ಹುಣ್ಣಿವಿಗೊಂದು ಬಿಳೀದು.
ಉಳಿದ ಮನಿ ಎಲ್ಲಾ ನಂದು.
ಸೋಮವಾರ ಕಾಲು. ಬುಧವಾರ ಮಾತು.
ಶುಕ್ರವಾರ ಮತ್ತ ಕಾಲು, ಸಂಗಟ ಕೈ.
ಎರಡನೇ ಶನಿವಾರ
ಹೈದರಾಬಾದಿನಿಂದ ಬರೋ ಫಿಟ್ಸಿನ ಡಾಕ್ಟರು.
ಅವರು ಬರೂದು ಖಾತ್ರಿ ಇಲ್ಲ,
ನಾವು ಹೋಗೂದು ಖಾತ್ರಿ.

ಪೆನ್ಸಿಲಿಲೆ ಬರೀತೀನಿ ಎಲ್ಲಾ.
ಪೆನ್ನಿಲೆ ಬರದಿದ್ದು
ಮೊದಲನೇ ವರ್ಷ ಅಷ್ಟ.

ಸನ್ನಿಧಿ, ಏಳವ್ವ.
ಬೂಟಿನ ಪಟ್ಟಿ ಬಿಗೀಬೇಕು,
ಸಿರಿಂಜಿನ್ಯಾಗ ಎರಡೂವರಿ ಗೆರಿ ಔಷಧ.
ಅರ್ಧ ಉಗುಳತೀ. ಉಗುಳಿದ್ದೆಷ್ಟು, ನುಂಗಿದ್ದೆಷ್ಟು,
ನನ್ನ ಸೆರಗು ನೋಡಿ ಲೆಕ್ಕ ಹಾಕತೀನಿ.
ಭೀಮು ಬಾಗಿಲದಾಗ ನಿಂತಾನ, ಸಾಲಿ ಟೈ ಕೈಯಾಗ:
“ಯವ್ವಾ, ಶನಿವಾರ ಪೇರೆಂಟ್ಸ್ ಮೀಟಿಂಗ್.”
ಯಾವ ಶನಿವಾರ?
“ಅದಽ. ಎರಡನೇದು.”

ಕಪನೂರಿನಿಂದ ಹುಮನಾಬಾದ್ ಬೇಸ್,
ಅಲ್ಲಿಂದ ಜಗತ್, ಅಲ್ಲಿಂದ ಸೇಡಂ ರೋಡ್.
ಶೇರ್ ಆಟೋದಾಗ ಏಳು ಮಂದಿ.
ಇಕಿ ಕಾಲು ಮಡಚೂದಿಲ್ಲ,
ಎರಡು ಸೀಟಿಂದು ಕೊಡ್ರಿ ಅಂತಾನ.
ಬಾಜೂಕ ಕುಂತ ಮುದುಕಿ ಕೇಳತಾಳ,
“ಐದು ವರ್ಷದಾಕೀನ ಇನ್ನೂ ಎತಗೊಂಡೇ ಅಡ್ಡಾಡತಿ?”
ಹೌದ್ರಿ, ಅಂತೀನಿ.
ಆ ಒಂದು ಮಾತು
ಜಗತ್ ಬರೂತನ ಸಾಕಾಗತದ.

ಆಧಾರ್ ಕಾರ್ಡಿನ ಕಥಿ ಬ್ಯಾರೆ.
ಐದು ತುಂಬಿತು, ಬೆರಳು ಕೊಡಬೇಕು.
ಇಕಿ ಮುಷ್ಟಿ ಬಿಡೂದಿಲ್ಲ.
ಆಪರೇಟರ್ ಹುಡುಗ ಒಳ್ಳೇಂವ,
ಮಂದೀನ ಹೊರಗ ನಿಂದರಿಸಿದ, ಫ್ಯಾನ್ ಹಚ್ಚಿದ.
ಒಂದೊಂದೇ ಬೆರಳು ಬಿಡಿಸಿದ್ವಿ
ಹಸೀ ತೊಗರಿಕಾಯಿ ಸುಲಿದಂಗ.
ಗಾಜಿಗೆ ಹೆಬ್ಬೆರಳು ಹತ್ತಿತು.
ಮಷೀನ್ ಅಂತು: ಮತ್ತೊಮ್ಮೆ ಪ್ರಯತ್ನಿಸಿ.
ನನಗೇನು ಹೊಸಾದಲ್ಲ ಆ ಮಾತು.

ನಸ್ರೀನ್ ಮೇಡಂ, ಕೈ ತಿಕ್ಕೋರು, ಹೇಳಿದ್ರು:
“ಮನ್ಯಾಗ ಬೇಳಿ ಅದ ಏನ್ರಿ? ಒಂದು ಪರಾತದಾಗ ಹಾಕಿ
ದಿನಾ ಕೈ ಆಡಸ್ರಿ, ಸಡ್ಲ ಆಗತದ.”
ಹನ್ನೊಂದು ವರ್ಷ ಆತು
ನಾ ಬೇಳ್ಯಾಗಿನ ಹಳ್ಳ ಆರಿಸಿ.
ತಲಿ ಹಿಕ್ಕಿದರ ಬಾಚಣಿಕಿಗೂ ಅದರ ಧೂಳು.
ಬೇಳಿ ಅದ ಏನ್ರಿ ಅಂತಾರ!
ನಕ್ಕೆ. ಮೇಡಮ್ಮಗೆ ತಿಳೀಲಿಲ್ಲ.
ಆಮ್ಯಾಲ ಆಟೋದಾಗ ನಗು ಬರಲಿಲ್ಲ,
ಪಾಳಿ ತಪ್ಪಿತ್ತು, ಆ ದಿನದ ಪಗಾರ ಹೋಗಿತ್ತು.

ಎರಡನೇ ಶನಿವಾರ ಡಾಕ್ಟರು ಬಂದಿದ್ರಂತ.
ನಾ ಭೀಮುನ ಸಾಲ್ಯಾಗ
ಹುಡುಗರ ಸಣ್ಣ ಬೆಂಚಿನ ಮ್ಯಾಲ ಕುಂತಿದ್ದೆ,
ತೊಡಿ ಮ್ಯಾಲ ಸನ್ನಿಧಿ.
ಇವರು ಟೆಂಪೋ ತಗೊಂಡು ಲಾತೂರಿಗೆ ಹೋಗಿದ್ರು.
ಗಣಿತದಾಗ ಭಾಳ ಕಮ್ಮಿ, ಅಂದ್ರು.
ಮನ್ಯಾಗ ಯಾರೂ ನೋಡೂದಿಲ್ಲೇನ್ರಿ, ಅಂದ್ರು.
ಭೀಮು ತಲಿ ಬಗ್ಗಿಸಿದ್ದ.
ಬಗ್ಗಿಸಿದ ತಲಿ ಒಳಗ ನಗಲಿಕತ್ತಿದ್ದ,
ಅವ್ವ ಬಂದಾಳ.

ಸಂಜೀಕ ಪರಾತದ ತುಂಬ ಬೇಳಿ.
ಮುಷ್ಟಿ ಮಣಿಕಟ್ಟಿನ ಮಟ ಮುಳುಗಿಸಿ
ನಾ ರೊಟ್ಟಿ ಬಡೀಲಿಕ್ಕೆ ಕುಂತೆ.
ಭೀಮು ತನ್ನ ಗೋಲಿ ಬೇಳ್ಯಾಗ ಹುಗಿದಿಟ್ಟು
ಹುಡುಕ ಹುಡುಕ ಅಂತ ತಂಗಿಗೆ ಗಂಟು ಬಿದ್ದಾನ.
ಆಕಿ ಹುಡುಕಲಿಲ್ಲ. ಮುಷ್ಟಿ ಬಿಡಲಿಲ್ಲ.
ರೊಟ್ಟಿ ಮುಗೀತು, ಕೈ ಮ್ಯಾಲ ಎತ್ತಿದೆ,
ಒರಸಬೇಕಂತ ಬೆರಳು ಬಿಡಿಸಿದೆ.
ಒಳಗ ಮೂರು ಬೇಳಿ.

ಬೆವರಿಗೆ ಅಂಟಿದ್ದಲ್ಲ,
ಅಂಗೈ ನಡುವ, ಬಿಗಿಯಾಗಿ ಹಿಡಿದಿದ್ದವು.
ಅಂದ್ರ ಒಮ್ಮೆ ತೆರದಿತ್ತು.
ನಾ ಹಂಚಿನ ಕಡಿ ಹೊಳ್ಳಿದಾಗೋ,
ಭೀಮು ಗೋಲಿ ಹುಗಿಯೋವಾಗೋ,
ಯಾರೂ ನೋಡಲಾರದ ಹೊತ್ತಿನ್ಯಾಗ.

ಭೀಮು ಎದ್ದು ಹೋಗಿ
ಡಾಕ್ಟರ ಹೆಸರು ರಬ್ಬರಿಲೆ ಅಳಿಸಿ
ಆ ಮನ್ಯಾಗ ೩ ಅಂತ ಬರದ, ಪೆನ್ನಿಲೆ.
ಬ್ಯಾಡ ಅನ್ನಲಿಕ್ಕೆ ಬಾಯಿ ಬರಲಿಲ್ಲ.

ಐತವಾರ ಔಷಧದ ಅಂಗಡಿ ಮಧ್ಯಾಹ್ನ ಮಟ ಅಷ್ಟ.
ಬಾಟಲಿ ತಳ ಕಂಡದ.
ಸೋಮವಾರ ಕಾಲು.