ನೆಲದ ತುಂಡು

ಟೊಲೀಡೊ. ಚರ್ಚಿನ ನೆಲಮಾಳಿಗೆ. ಮಂಗಳವಾರ, ಸಂಜೆ ಆರು.
ಆಚೆ ಕೋಣೆಯಲ್ಲಿ ಅಪ್ಪ ಅಮ್ಮಂದಿರಿಗೆ ಮಾತಾಡುವ ಪಾಠ,
ಈಚೆ ಕೋಣೆಯಲ್ಲಿ ಅವರ ಮಕ್ಕಳಿಗೆ ನಾನು.
ಗಂಟೆಗೆ ಹನ್ನೆರಡು ಡಾಲರು, ಮಿಕ್ಕ ಬಿಸ್ಕತ್ತು ನನಗೇ.

ನಡುವಿನ ಗೋಡೆ ಬರೀ ರಟ್ಟು.
ಪಾಠದಾಕೆ ಚೌಕ ಚೌಕ ವಿನೈಲು ಹಂಚುತ್ತಾಳೆ,
ಯಾರದೋ ಅಡುಗೆಮನೆಗೆ ಹಾಸಿ ಉಳಿದದ್ದು:
ಇದು ಯಾರ ಕೈಲಿದೆಯೋ ಮಾತು ಅವರದು.
ಇನ್ನೊಬ್ಬರು ಕೇಳಬೇಕು, ಕೇಳಿದ್ದನ್ನೇ ತಿರುಗಿ ಹೇಳಬೇಕು.

"ಡೈಪರ್ ಮುಗಿದಿತ್ತು ಅಂದೆ ನೀನು."
"ಅಲ್ಲ. ಮುಗಿದದ್ದು ನನಗೊಬ್ಬಳಿಗೇ ಗೊತ್ತಿತ್ತು ಅಂದೆ."
ಆಮೇಲೆ ಕುರ್ಚಿ ಕಿರ್ರೆಂದಿತು.
ತುಂಬ ಹೊತ್ತು ಅದಷ್ಟೇ.

ಈಚೆ, ನಾಲ್ಕು ವರ್ಷದವನೊಬ್ಬ ಬಿಸ್ಕತ್ತಿನ ಮುಚ್ಚಳ ಹಿಡಿದು
ನನಗೆ ಅಪ್ಪಣೆ ಕೊಟ್ಟ: "ನೀನು ಕೇಳು."
ಏನು ಕೇಳಲಪ್ಪಾ?
"ತಡಿ, ಇನ್ನೂ ಯೋಚನೆ ಮಾಡಿಲ್ಲ."

ಗೋಡೆಯಾಚೆಯವರು ಕರ್ಸ್ಟನ್, ಮಾರ್ಕೆಲ್. ಮಗು ಜಯ್ಲಾ ನನ್ನ ತೊಡೆಯ ಮೇಲೆ.
ಅರ್ಜಿಯಲ್ಲಿ ಮದುವೆಯ ತಾರೀಕು ಖಾಲಿ.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅನ್ನುತ್ತಿದ್ದಳು ಅಜ್ಜಿ.
ಅಜ್ಜೀ, ಇವರು ಗಂಡ ಹೆಂಡಿರಲ್ಲ.
ಇವಳು ಉಣ್ಣುವಾಗ ಅವನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿರುತ್ತಾನೆ,
ಅವನು ಮಲಗುವಾಗ ಇವಳು ಬಸ್ಸಿನಲ್ಲಿ.
ಆ ಜಗಳ ಪಾಪ, ಯಾವ ಊಟಕ್ಕೆಂದು ಕಾಯಬೇಕು?

ಐದನೇ ವಾರ ಅವಳೊಬ್ಬಳೇ.
ಆರನೇ ವಾರ ಅವನೊಬ್ಬನೇ. ಬಸ್ ಪಾಸಿಗೆ ಬಂದೆ ಎಂದು ನಕ್ಕ,
ಆದರೂ ಕೊನೆತನಕ ಕೂತ,
ಎದುರಿನ ಖಾಲಿ ಕುರ್ಚಿಗೆ ಏನೋ ಹೇಳಿದ.
ಅದೊಂದು ಮಾತ್ರ ಗೋಡೆ ದಾಟಲಿಲ್ಲ.

ಬೇಸಿಗೆಗೆ ಕಾರ್ಯಕ್ರಮದ ದುಡ್ಡು ಮುಗಿಯಿತು.
ಯಾರೋ ಬಂದು ಎಣಿಸಿಕೊಂಡು ಹೋದರು:
ಜೊತೆಗಿರುವವರು ಇಷ್ಟು, ಬೇರೆಯಾದವರು ಇಷ್ಟು.

ಮೊನ್ನೆ, ಹಿಮ ಕೆಸರಾಗಿದ್ದ ಸಂಜೆ, ಬಸ್ ನಿಲ್ದಾಣದಲ್ಲಿ
ಜಯ್ಲಾ ಇವಳ ಸೊಂಟದಿಂದ ಅವನ ಸೊಂಟಕ್ಕೆ.
ಶುಕ್ರವಾರ ಅವನಿಗೆ ರಜೆ.
ಚೀಲದಿಂದ ಟೊಪ್ಪಿ, ಬಾಟಲಿ, ಕೆಮ್ಮಿನ ಔಷಧಿ ತೆಗೆಯುವಾಗ
ಅದೂ ಬಂತು, ಮೂಲೆಯೆಲ್ಲ ಹಲ್ಲಿನ ಗುರುತಾದ ವಿನೈಲು.
ಕೈಲಿ ಹಿಡಿದೇ ಹೇಳಿದಳು,
"ರಾತ್ರಿ ಎರಡಕ್ಕೆ ಕೆಮ್ಮುತ್ತಾಳೆ. ಎತ್ತಿ ಕೂರಿಸ್ಕೋ."
"ಎರಡಕ್ಕೆ ಕೆಮ್ಮುತ್ತಾಳೆ. ಎತ್ತಿ ಕೂರಿಸ್ಕೋಬೇಕು."
"ಹ್ಞೂಂ."

ಬಸ್ಸು ಬಂತು, ಅವಳು ಹತ್ತಿದಳು.
ಇವರನ್ನು ಯಾವ ಲೆಕ್ಕದಲ್ಲಿ ಬರೆದುಕೊಂಡರೋ.
ತುಂಡು ಜಯ್ಲಾಳ ಮುಷ್ಟಿಯಲ್ಲಿತ್ತು.
ಅವಳಿಗಿನ್ನೂ ಮಾತು ಬಂದಿಲ್ಲ.