ಒಂದೂವರೆ ಅಡಿ

ಭಾನುವಾರ ರಾತ್ರಿ ಬಣ್ಣದ ಮನೆಯ ಯಂತ್ರಗಳೆಲ್ಲ ನಿಂತ ಮೇಲೆ
ಸೆವ್ರಿನ್ ಡಿಮೆಲ್ಲೊ ನನ್ನನ್ನು ಶೆಡ್ಡಿನ ನಡುವೆ ನಿಲ್ಲಿಸಿ
"ಈಗ ಕೇಳಿ ಮೇಡಂ" ಅಂದ.

ಮೊದಲು ಬೈಕಂಪಾಡಿಯ ಲಾರಿಗಳು,
ಆಮೇಲೆ ದೂರದ ಗೂಡ್ಸ್ ರೈಲು,
ಆಮೇಲೆ
ಗೋಡೆಯುದ್ದಕ್ಕೂ ಯಾರೋ ಹಲ್ಲಿನ ಸಂದಿಯಲ್ಲಿ
ಉಸಿರು ಬಿಡುತ್ತಿರುವ ಹಾಗೆ.
ಹಾವಲ್ಲ. ಗಾಳಿ.
ಕರೆಂಟು ಸುರಿದು ನಾನೇ ಟ್ಯಾಂಕಿಗೆ ತುಂಬಿಸಿದ ಗಾಳಿ.

ಸೋಪಿನ ನೀರು, ಹಳೇ ಶೇವಿಂಗ್ ಬ್ರಶ್ಶು.
ಪೈಪಿನ ಒಂದೊಂದು ಕೀಲಿಗೂ ನೊರೆ ಬಳಿದ.
ಗುಳ್ಳೆ ಉಬ್ಬಿದಲ್ಲೆಲ್ಲ ಸೀಮೆಸುಣ್ಣದ ಗುರುತು.
"ನಲವತ್ತೊಂದು."

ಕಿನ್ನಿಗೋಳಿಯ ಗುಂಡಿಮಗ್ಗದಲ್ಲಿ
ಕರೆಂಟು ಅಂದರೆ ಅಜ್ಜನ ಎರಡು ಕಾಲು.
ಸೋರಿದ್ದು ಸಂಜೆಯೊಳಗೆ ಮೊಣಗಂಟಿನಲ್ಲಿ ತಿಳಿಯುತ್ತಿತ್ತು,
ಅಜ್ಜಿ ಎಣ್ಣೆ ಕಾಯಿಸುತ್ತಿದ್ದಳು.

ಹಂಪನಕಟ್ಟೆಯ ಬ್ಯಾಂಕಿನಲ್ಲಿ ಮ್ಯಾನೇಜರರು ಕೇಳಿದರು:
ಹೊಸ ಮಗ್ಗವಾ?
ಅಲ್ಲ.
ಹೊಸ ಕಟ್ಟಡ?
ಅಲ್ಲ.
ಮತ್ತೆ ಎಂತದು ಮಾರಾಯ್ರೆ?
ಹಬೆಯ ಪೈಪಿಗೆ ಹೊದಿಕೆ. ದೊಡ್ಡ ಮೋಟಾರಿನ ಜಾಗಕ್ಕೆ ಸಣ್ಣದು.
ಬಾಯ್ಲರಿನ ಹೊಗೆಯಿಂದಲೇ ನೀರು ಕಾಯಿಸುವ ಒಂದು ಪೆಟ್ಟಿಗೆ.
ಹದಿನೆಂಟು ಲಕ್ಷ.
ಅವರು ಪೆನ್ನಿನ ಮುಚ್ಚಳ ಹಾಕಿದರು.
"ನಾಳೆ ನಾವು ಬಂದರೆ ತೋರಿಸಲಿಕ್ಕೆ ಎಂತ ಉಂಟು?"

ಮೂರು ವರ್ಷದ ಮೆಸ್ಕಾಂ ಬಿಲ್ಲುಗಳನ್ನು
ಸೀರೆಯಂಗಡಿಯವರಂತೆ ಮೇಜಿನ ಮೇಲೆ ಹಾಸಿದೆ.
ಇಲ್ಲದ್ದನ್ನು ತೋರಿಸುತ್ತೇನೆ ಸರ್.
ಇಲ್ಲದ್ದಕ್ಕೆ ಸುಲಭದಲ್ಲಿ ಸಾಲ ಹುಟ್ಟುವುದಿಲ್ಲ,
ನನ್ನ ನಾಲ್ಕು ಬಳೆಯೂ ಜೊತೆಗೆ ಕೂತವು.

ರಿಬ್ಬನ್ನು ಕಟ್ಟಲಿಕ್ಕೆ ಜಾಗವೇ ಇರಲಿಲ್ಲ.
ಪೈಪುಗಳಿಗೆ ಕಲ್ಲುಣ್ಣೆ ಸುತ್ತಿ ಮೇಲೆ ತಗಡು ಹೊಚ್ಚಿದರು.
ಶೆಟ್ಟಿಗಾರರ ಮಗಳು ನಾನು,
ಕಲ್ಲಿನಿಂದಲೂ ಉಣ್ಣೆ ಬರುತ್ತದೆಂದು ಗೊತ್ತಿರಲಿಲ್ಲ.

ಆಗಸ್ಟಿನ ಬಿಲ್ಲು ಐದರಲ್ಲಿ ಒಂದು ಪಾಲು ಇಳಿದಿತ್ತು.
ಎರಡು ಸಲ ಓದಿದೆ.
ಮೂರನೆಯ ಸಲ ಸೆವ್ರಿನ್‌ಗೆ ಓದಿ ಹೇಳಿದೆ.
ಅವ ಶೇವಿಂಗ್ ಬ್ರಶ್ಶಿಗೆ ಮುತ್ತು ಕೊಟ್ಟ.

ಅದೇ ಮಧ್ಯಾಹ್ನ ವಾರಿಜಕ್ಕ ಬಂದು ನಿಂತರು, ಕೈಯಲ್ಲಿ ಡಬ್ಬಿ.
"ಎಲ್ಲ ಒಳ್ಳೇದೇ. ಆದರೆ ಅನ್ನ ಈಗ ತಣ್ಣಗೆ."
ಹತ್ತೊಂಬತ್ತು ವರ್ಷ
ಹೆಂಗಸರೆಲ್ಲ ಬುತ್ತಿ ಇಟ್ಟದ್ದು ಆ ಬರಿಮೈ ಪೈಪಿನ ಮೇಲೆ:
ಕುಚ್ಚಲಕ್ಕಿ, ಬಂಗುಡೆ ಸಾರು, ಜುಲೇಖಾಳ ಪತ್ತಿರಿ.
ಆಡಿಟರನ ಪಟ್ಟಿಯಲ್ಲಿ
ಅದು ನಷ್ಟದ ಕಾಲಮಿನಲ್ಲಿತ್ತು.
ನಾನೇ ಸಹಿ ಹಾಕಿದ್ದೆ.

ಮರುದಿನ ಸೆವ್ರಿನ್ ತಗಡು ಕತ್ತರಿಸಿದ,
ಊಟದ ಬಾಗಿಲ ಪಕ್ಕ, ಒಂದೂವರೆ ಅಡಿ.
ಕೈ ಸುಡದ ಹಾಗೆ ಮೇಲೊಂದು ಕಬ್ಬಿಣದ ಜಾಲರಿ.

ಡಿಸೆಂಬರಿನಲ್ಲಿ ಆಡಿಟರ್ ಶಾಖ ಕಾಣುವ ಕ್ಯಾಮೆರಾ ತಂದ.
ಪರದೆಯಲ್ಲಿ ಪೈಪುಗಳೆಲ್ಲ ನೀಲಿ,
ಒಂದೇ ಕಡೆ ಕೆಂಡದ ಕೆಂಪು,
ಕೆಂಪಿನ ಮೇಲೆ ನಾಲ್ಕು ದುಂಡು ನೆರಳು.
"ಇದೊಂದು ಬಾಕಿ ಉಳಿದಿದೆಯಲ್ಲ?"
ವರದಿಯಲ್ಲೂ ಬರೆದ: ಹೊದಿಸತಕ್ಕದ್ದು.

ಪಕ್ಕದಲ್ಲಿ "ನೋಡಿದೆ" ಎಂದು ಬರೆದು ತಾರೀಕು ಹಾಕಿದೆ.
ಗಂಟೆ ಹನ್ನೆರಡೂ ಮುಕ್ಕಾಲು.
ಸಾರು ಬಿಸಿಯಾಗುವ ವಾಸನೆ ಆಫೀಸಿನವರೆಗೆ ಬರುತ್ತಿತ್ತು.